ಹಗ್ಗ ಹಿಡಿದವಳ ಮಾತು

ಆ ಬೆಳಿಗ್ಗೆ ಗಾಳಿಯೇ ಇರಲಿಲ್ಲ. ಮೋಡ ಹೆಂಚಿಗೆ ತಾಗುವಷ್ಟು ಕೆಳಗೆ ಬಂದು ಕೂತಿತ್ತು. ಮಳೆ ಸುರಿಸುವ ಮನಸ್ಸೂ ಅದಕ್ಕಿಲ್ಲ, ಎದ್ದು ಹೋಗುವ ಮನಸ್ಸೂ ಇಲ್ಲ. ಕೇರಿಯ ಒಲೆಗಳ ಹೊಗೆ ಮೇಲೇರದೆ ಬೀದಿಯಲ್ಲೇ ಮೊಣಕಾಲೆತ್ತರಕ್ಕೆ ಮಲಗಿತ್ತು. ಅದರೊಳಗೆ ಹಾದುಹೋದ ನಾಯಿಯ ಬಾಲವಷ್ಟೇ ಕಾಣುತ್ತಿತ್ತು.

ಅಂಥ ದಿನ ಕೇರಿಯವರು ಮಲದ ಗುಂಡಿಗೆ ಇಳಿಯುತ್ತಿರಲಿಲ್ಲ. ಮೇಲೆ ಗಾಳಿ ಆಡದಿದ್ದರೆ ಕೆಳಗಿನ ಗಾಳಿಯೂ ಅಲ್ಲೇ ಮುದುಡಿಕೊಂಡು ಕೂತಿರುತ್ತದೆ, ಯಾರಾದರೂ ಬರಲಿ ಅಂತ ಕಾಯುತ್ತದೆ ಎಂದು ಹಿರಿಯರು ಹೇಳುತ್ತಿದ್ದರು.

ಹಗ್ಗದಕ್ಕ ಪೊರಕೆ, ಬಕೆಟ್ಟು ಎತ್ತಿಕೊಂಡು ಟೌನ್ ಹಾಲಿನ ಕೆಲಸಕ್ಕೆ ಹೊರಟಾಗ ಅವ್ವ ಹೊಸ್ತಿಲ ಮೇಲೆ ಕೂತಿದ್ದಳು. ಅಪ್ಪ ಹೋದ ಮೇಲೆ ಅವ್ವ ಮಾತು ಉಳಿಸಿ ಉಳಿಸಿ ಆಡುತ್ತಾಳೆ. ಮೂಗು ಮೇಲೆತ್ತಿ ಒಮ್ಮೆ ಉಸಿರೆಳೆದಳು.

"ಇವತ್ತು ಗಾಳಿ ಇಲ್ಲ," ಅಂದಳು. ಅಷ್ಟೇ.

ಅವಳ ಬೆನ್ನ ಹಿಂದೆ ಗೋಡೆಯಲ್ಲಿ ಒಂದು ಮೊಳೆ. ಮೊಳೆಯ ಸುತ್ತ ಮಸಿ ಹಿಡಿದು ಗೋಡೆ ದುಂಡಗೆ ಕಪ್ಪಾಗಿದೆ. ಅಲ್ಲಿ ಅಜ್ಜನ ಕಾಲದ ಲಾಟೀನು ತೂಗುತ್ತಿತ್ತು. ಈಗ ಮೊಳೆ ಮಾತ್ರ ಇದೆ.

ಕೇರಿಯ ಗಂಡಸರು ಊರಿನ ಗುಂಡಿಗಳಿಗೆ ಇಳಿದು ಬದುಕಿದವರು. ಇಳಿಯುವುದಕ್ಕೆ ಮೊದಲು ಲಾಟೀನು ಇಳಿಸಬೇಕು. ಆರಿದರೆ ಅವತ್ತಿನ ಕೆಲಸ ಇಲ್ಲ. ಉರಿದರೆ ಮನುಷ್ಯ ಇಳಿಯಬಹುದು. ಇನ್ನೊಂದು ಕಟ್ಟುಪಾಡೂ ಇತ್ತು. ಇಳಿದವನ ಸೊಂಟದ ಹಗ್ಗ ಅವನ ಮನೆಯ ಹೆಂಗಸಿನ ಕೈಯಲ್ಲೇ ಇರಬೇಕು. ತಾಯಿಯೋ ಹೆಂಡತಿಯೋ ಅಕ್ಕನೋ, ಯಾರಾದರೂ ಸರಿ. ಕೂಲಿಗೆ ಹಿಡಿದವನ ಕಣ್ಣು ದಾರಿಯಲ್ಲಿ ಹೋಗುವವರ ಕಡೆ ಹೋಗುತ್ತದೆ. ಮನೆಯವಳ ಕಣ್ಣು ಗುಂಡಿ ಬಿಟ್ಟು ಕದಲುವುದಿಲ್ಲ. ಅವಳು ಮೇಲೆ ಬಾ ಅಂದರೆ ಬರಬೇಕು. ಯಾಕೆ ಅಂತ ಕೇಳುವುದಿದ್ದರೆ ಮೇಲೆ ಬಂದು ಕೇಳಬೇಕು. ಅಪ್ಪನ ಹಗ್ಗ ಅವ್ವ ಹಿಡಿದಿದ್ದಳು. ತಮ್ಮ ಇಳಿಯಲು ಶುರು ಮಾಡಿದ ದಿನದಿಂದ ಅವನ ಹಗ್ಗ ಅಕ್ಕ ಹಿಡಿದಳು. ಹಾಗಾಗಿ ಅವಳ ಹೆಸರು ಹೋಗಿ ಹಗ್ಗದಕ್ಕ ಉಳಿಯಿತು.

ಊರಿನ ನಡುವಿನ ಟೌನ್ ಹಾಲ್ ಈಗ ಹಾಲಿನಲ್ಲಿ ಮಿಂದಂತಿತ್ತು. ವರ್ಷಗಟ್ಟಲೆ ಪಾರಿವಾಳಗಳ ಪಾಲಾಗಿದ್ದ ಕಟ್ಟಡ. ಬಿರುಕು ಮುಚ್ಚಿ, ಸುಣ್ಣ ಬಳಿದು, ತೊಲೆ ಬದಲಿಸಿ, ಸತ್ತ ಗಡಿಯಾರಕ್ಕೆ ಜೀವ ಕೊಟ್ಟು, ಅದನ್ನು ಊರಿನ ಚರಿತ್ರೆಯ ಮ್ಯೂಸಿಯಂ ಮಾಡಿದ್ದರು. ನಾಳೆ ಉದ್ಘಾಟನೆ. ಮುಂದಿನ ಅಂಗಳದಿಂದ ಹಿತ್ತಿಲವರೆಗೂ ಹೊಸ ಹಾಸುಗಲ್ಲು. ಆ ಕಲ್ಲಿನ ಮೇಲೆ ಬಿದ್ದ ಬಣ್ಣದ ಹನಿಗಳನ್ನು ಹಗ್ಗದಕ್ಕ ವಾರದಿಂದ ಉಗುರಿನಲ್ಲಿ ಕೆರೆಯುತ್ತಿದ್ದಳು. ಸುಣ್ಣ ತಿಂದು ಅವಳ ಬೆರಳ ತುದಿ ಸುಲಿದಿತ್ತು. ನೀರು ಮುಟ್ಟಿದರೆ ಉರಿ. ಮುಟ್ಟದೆ ಕೆಲಸ ಇಲ್ಲ.

ಹಿಂದಿನ ಕೋಣೆಯ ಹೆಸರು 'ಊರನ್ನು ಶುಚಿಯಾಗಿಟ್ಟವರು'. ಅಲ್ಲಿ ಒಂದು ಗಾರೆಯ ಬೊಂಬೆ ನಿಂತಿತ್ತು. ಸೊಂಟಕ್ಕೆ ಹಗ್ಗ, ಮೈಗೆ ಕೆಸರಿನ ಬಣ್ಣ. ಬೊಂಬೆ ಮಾಡುವವನು ಅವಳ ತಮ್ಮನನ್ನೇ ಎದುರಿಗೆ ನಿಲ್ಲಿಸಿಕೊಂಡು ಮಾಡಿದ್ದ. ತಮ್ಮನನ್ನು ಎಲ್ಲರೂ ಉದ್ದ ಅನ್ನುತ್ತಾರೆ. ಬೊಂಬೆಯೂ ಉದ್ದ. ಬಾಗಿದ ಭುಜ ಅವನದೇ, ಮುರಿದ ಮೂಗೂ ಅವನದೇ. ಕಣ್ಣು ಮಾತ್ರ ಯಾರದೂ ಅಲ್ಲ. ಉದ್ದನಿಗೆ ಅದನ್ನು ನೋಡಿ ಹೆಮ್ಮೆ. ತಾನಿರದಿದ್ದರೂ ತಾನಿರುತ್ತೇನೆ ಎಂದು ನಕ್ಕಿದ್ದ. ಹಗ್ಗದಕ್ಕ ದಿನವೂ ಆ ಬೊಂಬೆಯ ಧೂಳು ಒರೆಸುವಾಗ ಅದರ ಮುಖ ನೋಡುತ್ತಿರಲಿಲ್ಲ. ಬದುಕಿರುವವರನ್ನು ಯಾರು ಹೀಗೆ ನಿಲ್ಲಿಸುತ್ತಾರೆ.

ಬೊಂಬೆಯ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಅವರ ಮನೆಯ ಲಾಟೀನು. ಉಜ್ಜಿ ಉಜ್ಜಿ ತಗಡು ಬೆಳ್ಳಿಯಾಗಿತ್ತು. ಒಡೆದಿದ್ದ ಗಾಜಿನ ಜಾಗದಲ್ಲಿ ಹಳದಿ ಮಬ್ಬು ಗಾಜು ಕೂತಿತ್ತು. ಕೆಳಗೆ ಬರಹ. ಗುಂಡಿಯ ವಿಷಗಾಳಿ ತಿಳಿಯಲು ಇದನ್ನು ಇಳಿಸುತ್ತಿದ್ದರು, ದೀಪ ಆರಿದರೆ ಮನುಷ್ಯ ಇಳಿಯುತ್ತಿರಲಿಲ್ಲ, ಈ ಪದ್ಧತಿ ಈಗ ಇಲ್ಲ.

ಲಾಟೀನು ಕೊಟ್ಟದ್ದೂ ಆ ಕೊನೆಯ ಮಾತನ್ನು ನಂಬಿಯೇ. ಮ್ಯೂಸಿಯಂ ನೋಡಿಕೊಳ್ಳುವ ಮೇಡಂ ಒಂದು ದಿನ ಕೇರಿಗೇ ಬಂದಿದ್ದರು. ನೆಲದ ಮೇಲೆ ಕೂತರು, ನೀರು ಕೇಳಿ ಕುಡಿದರು. ಹೀರುವ ಮೆಷಿನ್ನಿನ ಲಾರಿ ಬಂದಿದೆ, ಇನ್ನು ಯಾರೂ ಇಳಿಯಬೇಕಿಲ್ಲ, ಈ ದೀಪ ಎಲ್ಲರೂ ನೋಡುವಂಥದ್ದು ಅಂದರು. ಬೇಕೆಂದಾಗ ಕೇಳಿ, ನಿಮ್ಮದೇ ಅಂತಲೂ ಅಂದರು. ಅವ್ವ ಲಾಟೀನನ್ನು ತನ್ನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟಳು. ದೀಪಕ್ಕೆ ಇನ್ನು ಕೆಲಸವಿಲ್ಲ ಎಂಬ ಮಾತು ಕೇಳಿ ಅವಳು ಅವತ್ತು ಸಂತೋಷಪಟ್ಟಳು. ದೇವರು ಒಂದೊಂದು ಸಲ ಸಂತೋಷವನ್ನೂ ಸಾಲವಾಗಿ ಕೊಡುತ್ತಾನೆ.

ಆ ಬೆಳಿಗ್ಗೆ ಹಿಂದಿನ ಕೋಣೆಯ ಬಾಗಿಲು ತೆಗೆದೊಡನೆ ನಾತ ಮುಖಕ್ಕೆ ಬಡಿಯಿತು.

ಅತಿಥಿಗಳಿಗೆಂದು ಕಟ್ಟಿದ ಹೊಸ ಶೌಚಾಲಯಗಳ ಕೊಳವೆಯನ್ನು ಹಿತ್ತಿಲ ಹಳೇ ಗುಂಡಿಗೇ ಸೇರಿಸಿದ್ದರು. ಗುಂಡಿ ಕಟ್ಟಿಕೊಂಡಿತ್ತು. ನಾತ ನೆಲದ ಸಂದಿಗಳಿಂದ ಎದ್ದು ಕೋಣೆಯಲ್ಲಿ ತುಂಬಿತ್ತು. ಬೊಂಬೆಗೆ ಈಗ ನಿಜವಾದ ವಾಸನೆ ಬಂದಿತ್ತು.

ಸೂಪರ್‌ವೈಸರ್ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಓಡಾಡುತ್ತಿದ್ದ. ಕಟ್ಟಡದ ಕೆಲಸವೆಲ್ಲ ಅವನ ಕೈಕೆಳಗೆ. ಕೆಟ್ಟವನಲ್ಲ ಅಂತಲೇ ಎಲ್ಲರೂ ಹೇಳುತ್ತಿದ್ದರು. ಬೈಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಅವನಿಗೆ ಕೆಲಸ ಮುಗಿಯಬೇಕು, ಅಷ್ಟೇ. ಉದ್ದನಿಗೆ ಹೇಳಿ ಕಳಿಸಿದ್ದೇನೆ ಅಂದ.

ಮೆಷಿನ್ ಇದೆಯಲ್ಲ ಎಂದು ಹಗ್ಗದಕ್ಕ ಕೇಳಿದಳು.

"ಲಾರಿ ಒಳಗೆ ಬರಬೇಕಂದ್ರೆ ಅಂಗಳದ ಮೇಲೇ ಬರಬೇಕು. ಹಾಸುಗಲ್ಲು ಒಡೆದುಹೋಗ್ತವೆ. ನಾಳೆ ದೊಡ್ಡವರು ಬರ್ತಾರೆ, ಒಡೆದ ಕಲ್ಲಿನ ಮೇಲೆ ನಡೆಸ್ಲಾ?"

ಅವಳು ಕಲ್ಲುಗಳ ಕಡೆ ನೋಡಿದಳು. ತಾನೇ ಕೆರೆದ ಕಲ್ಲು. ಸುಲಿದ ಬೆರಳು ಮಡಚಿಕೊಂಡಳು. ಕಲ್ಲು ಒಡೆದರೆ ಬೇರೆ ಹಾಕಬಹುದು ಎಂದಳು. ಅವನಿಗೆ ಕೇಳಿಸಲಿಲ್ಲ. ಅಥವಾ ಕೇಳಿಸಿತು. ಈ ಕೆಲಸ ಒಂದು ಆಗಲಿ, ಅಕ್ಕ ತಮ್ಮ ಇಬ್ಬರನ್ನೂ ಇಲ್ಲೇ ಕಾಯಂ ಮಾಡಿಸ್ತೀನಿ ಅಂದ. ಆಗದಿದ್ದರೆ ನಾಳೆಯಿಂದ ಇಬ್ಬರೂ ಬರುವುದೇ ಬೇಡ ಎಂಬುದನ್ನು ಅವನು ಹೇಳಲಿಲ್ಲ. ಹೇಳದೆಯೂ ಅದು ಅಲ್ಲೇ ನಿಂತಿತ್ತು.

ಉದ್ದ ಬಂದ. ತಲೆಗೆ ಟವೆಲು ಸುತ್ತಿದ್ದ. ಬಂದವನೇ ಗುಂಡಿಯ ಕಬ್ಬಿಣದ ಮುಚ್ಚಳದ ಸುತ್ತ ಒಂದು ಸುತ್ತು ಹಾಕಿದ, ಹೆಣ್ಣು ನೋಡಲು ಬಂದವನಂತೆ.

"ಏನಕ್ಕಾ, ಒಳಗೆ ಬೊಂಬೆ, ಕೆಳಗೆ ನಾನು. ನಾಳೆ ಬಂದವರು ಯಾರನ್ನ ನೋಡ್ತಾರೋ."

ಅಕ್ಕ ನಗಲಿಲ್ಲ. ಅವನೂ ಪೂರ್ತಿ ನಗಲಿಲ್ಲ. ಇದು ಅಪ್ಪನ ಗುಂಡಿ ಎಂಬುದು ಇಬ್ಬರಿಗೂ ಗೊತ್ತಿತ್ತು.

ಅಪ್ಪ ಇಲ್ಲೇ ಹೋಗಿದ್ದ. ಅಂದೂ ಯಾರೋ ದೊಡ್ಡವರು ಬರುವವರಿದ್ದರು. ಅಂದೂ ಗಾಳಿ ಇರಲಿಲ್ಲ. ಲಾಟೀನು ಇಳಿಸಿದರು, ಆರಿತು. ಮತ್ತೆ ಹಚ್ಚಿ ಇಳಿಸಿದರು, ಮತ್ತೆ ಆರಿತು. ಅವ್ವ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು ಇವತ್ತು ಆಗುವುದಿಲ್ಲ ಎಂದಳು. ಅಂದಿನ ಮೇಲಿನವರು ಆಗಲಿ ಬಿಡು ಅಂದರು. ಹಾಗಾದರೆ ಮುಂದಿನ ಮೆಟ್ಟಿಲಾದರೂ ತೊಳೆ ಎಂದು ಅವಳನ್ನು ಕಳಿಸಿದರು. ಅವ್ವ ಹಗ್ಗ ಇಟ್ಟು ಹೋದಳು. ಮೆಟ್ಟಿಲು ತೊಳೆದು ಒದ್ದೆ ಕೈಯಲ್ಲಿ ಬರುವಷ್ಟರಲ್ಲಿ ಹಗ್ಗದ ಒಂದು ತುದಿ ಕಂಟ್ರಾಕ್ಟರನ ಆಳಿನ ಕೈಯಲ್ಲಿತ್ತು. ಇನ್ನೊಂದು ತುದಿ ಕೆಳಗಿತ್ತು, ಅಲುಗದೆ. ಅಂದಿನಿಂದ ಅವ್ವನ ಮಾತು ಕಡಿಮೆಯಾಯಿತು.

ಈ ಕತೆ ಸೂಪರ್‌ವೈಸರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಅದನ್ನೇ ಆಡಿದ.

"ಹಗ್ಗದಕ್ಕ, ನೀನು ಮುಂದಿನ ಮೆಟ್ಟಿಲು ಇನ್ನೊಂದ್ಸಲ ತೊಳಿ ಹೋಗು. ಹಗ್ಗ ನಮ್ಮ ಆಳು ಹಿಡೀತಾನೆ."

ಗಾಳಿ ಇಲ್ಲದ ಅಂಗಳದಲ್ಲಿ ಯಾರೋ ಅವಳ ಕಿವಿಯ ಹತ್ತಿರ ಉಸಿರಾಡಿದಂತಾಯಿತು.

"ಮೆಟ್ಟಿಲು ನಿಮ್ಮ ಆಳು ತೊಳೀಲಿ. ಹಗ್ಗ ನಾನು ಹಿಡೀತೀನಿ."

ಸೂಪರ್‌ವೈಸರ್ ಹುಬ್ಬು ಮೇಲೇರಿಸಿದ. ಆಮೇಲೆ ಹಿಡಿ ಹಿಡಿ, ನಿನ್ನದೇ ತಮ್ಮ ಅಂದ.

ಉದ್ದ ಅಂಗಿ ಕಳಚಿ ಗೋಡೆಗೆ ಎಸೆದ. ದೀಪ ಇಲ್ಲದೆ ಇಳಿಯುವುದಿಲ್ಲ ಎಂದ. ಪೆಟ್ಟಿಗೆಯಲ್ಲಿರುವುದು ನಮ್ಮದೇ, ತೆಗೆಸಿ ಕೊಡಿ, ಅದು ಒಳ್ಳೇ ಗಾಳಿ ಅಂದರೆ ಇಳಿಯುತ್ತೇನೆ, ಇಲ್ಲಾಂದರೆ ನಮಸ್ಕಾರ. ಅಕ್ಕನ ಎದೆ ಸ್ವಲ್ಪ ಹಗುರಾಯಿತು. ಇಂಥ ದಿನ ದೀಪ ಉರಿಯುವುದಿಲ್ಲ. ಆರುತ್ತದೆ. ಆರಿದರೆ ಮಾತು ಮುಗಿಯಿತು. ಕೆಲಸ ಹೋದರೆ ಹೋಗಲಿ, ತಮ್ಮ ನಡೆದುಕೊಂಡು ಮನೆಗೆ ಬರುತ್ತಾನೆ.

ಸೂಪರ್‌ವೈಸರ್ ಬೊಂಬೆಯ ಕೋಣೆಯ ಕಡೆ ನೋಡಿದ. ಆಮೇಲೆ ಒಳಗೆ ಹೋದ. ವೈರಿಂಗ್ ಕೆಲಸದ ಲೈಟಿನಣ್ಣನನ್ನು ಕರೆಯುವುದು ಕೇಳಿಸಿತು. ಒಳಗೆ ಏನೋ ಗುಸುಗುಸು. ಇಬ್ಬರೂ ಹೊರಗೆ ಬಂದಾಗ ಲಾಟೀನು ಹಚ್ಚಿಯೇ ಇತ್ತು. ಹಳದಿ ಗಾಜಿನ ಹಿಂದೆ ಬೆಳಕು ಮಿಣುಕುತ್ತಿತ್ತು. ಲೈಟಿನಣ್ಣ ನೆಲ ನೋಡುತ್ತ ಕಂಬದ ಹಿಂದೆ ನಿಂತ. ದಿನವೂ ಅಕ್ಕನನ್ನು ಕಂಡರೆ ಊಟ ಆಯ್ತಾ ಅಂತ ಕೇಳುವ ಮನುಷ್ಯ. ಇವತ್ತು ಕೇಳಲಿಲ್ಲ.

"ತಗೋ ನಿನ್ನ ದೀಪ," ಅಂದ ಸೂಪರ್‌ವೈಸರ್.

ಮುಚ್ಚಳ ಜರುಗಿಸಿದರು. ಕೆಳಗಿನ ಕತ್ತಲೆಯಿಂದ ಬೆಚ್ಚನೆ ಉಸಿರೊಂದು ಮೇಲೆ ಬಂತು, ಕೊಳೆತ ಮೊಟ್ಟೆಯ ಹಾಗೆ. ಲೈಟಿನಣ್ಣ ಮುಖ ತಿರುಗಿಸಿದ. ಉದ್ದ ತೆಳು ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸಿದ. ದೀಪ ಇಳಿಯಿತು, ಗೋಡೆಯ ಕಪ್ಪು ಲೋಳೆ ಹೊಳೆಯಿತು. ಇನ್ನೂ ಇಳಿಯಿತು. ನೀರಿನ ಮೇಲೆ ಬಂದು ನಿಂತಿತು.

ಆರಲಿಲ್ಲ.

ಉದ್ದ ಅಕ್ಕನ ಮುಖ ನೋಡಿದ. ಅಕ್ಕ ದೀಪ ನೋಡಿದಳು. ಮಿಣುಕುತ್ತಲೇ ಇತ್ತು.

"ಆರಲಿಲ್ಲವಲ್ಲ," ಅಂದ ಸೂಪರ್‌ವೈಸರ್. ಅವನ ದನಿಯಲ್ಲಿ ಅವಸರ ಇರಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

ಉದ್ದ ಸೊಂಟಕ್ಕೆ ದಪ್ಪ ಹಗ್ಗ ಬಿಗಿದ. ಅಕ್ಕ ಅದನ್ನು ಹಿಂದಿನ ಕಲ್ಲುಕಂಬಕ್ಕೆ ಒಂದು ಸುತ್ತು ಹಾಕಿ ಎರಡೂ ಕೈಯಲ್ಲಿ ಹಿಡಿದಳು. ಅವನು ಅಂಚಿನ ಮೇಲೆ ಕೂತು ಕಾಲು ಇಳಿಬಿಟ್ಟ. ಗೋಡೆಗೆ ಹುಗಿದ ಕಬ್ಬಿಣದ ಕಂಬಿಗಳ ಮೇಲೆ ಕಾಲಿಟ್ಟು ಒಂದೊಂದೇ ಇಳಿದ. ಸೊಂಟ ಕತ್ತಲಲ್ಲಿ ಮುಳುಗಿತು. ಎದೆ ಮುಳುಗಿತು. ಈಗ ಟವೆಲು ಸುತ್ತಿದ ತಲೆ ಮಾತ್ರ ಕಾಣುತ್ತಿತ್ತು, ಬೆಳಗಿನ ಹೊಗೆಯಲ್ಲಿ ನಾಯಿಯ ಬಾಲ ಕಂಡ ಹಾಗೆ.

ಅಕ್ಕ ದೀಪದಿಂದ ಕಣ್ಣು ಕೀಳಲಿಲ್ಲ. ಹಗ್ಗ ಕೈಗೆ ಕೊಟ್ಟ ದಿನ ಅವ್ವ ಅವಳಿಗೆ ಹೇಳಿದ್ದಳು. ಗಾಳಿ ಎಷ್ಟೇ ಒಳ್ಳೇದಿರಲಿ, ಕೆಳಗೆ ಹೋದ ದೀಪ ಮೊದಲು ತಲೆ ತಗ್ಗಿಸುತ್ತದೆ. ಹೊಸ ಮನೆಗೆ ಕಾಲಿಟ್ಟ ಸೊಸೆಯ ಹಾಗೆ. ಆಮೇಲೆ ಅಲ್ಲಿಯ ಗಾಳಿಗೆ ಒಗ್ಗಿದರೆ ತಲೆ ಎತ್ತುತ್ತದೆ, ಒಗ್ಗದಿದ್ದರೆ ಸಾಯುತ್ತದೆ. ಈ ದೀಪ ತಲೆ ತಗ್ಗಿಸಿರಲಿಲ್ಲ. ಮೇಲೆ ಹೇಗೆ ಮಿಣುಕಿತೋ ಕೆಳಗೂ ಹಾಗೇ ಮಿಣುಕುತ್ತಿತ್ತು. ಅದಕ್ಕೆ ಯಾವ ಗಾಳಿಯೂ ಲೆಕ್ಕಕ್ಕಿಲ್ಲ. ಅದು ಉಸಿರಾಡುತ್ತಿರಲಿಲ್ಲ.

"ಮೇಲೆ ಬಾ," ಅಂದಳು.

ಕೆಳಗಿನಿಂದ ಉತ್ತರ ಬರಲಿಲ್ಲ. ಟವೆಲಿನ ತಲೆ ಒಂದು ಕಡೆ ವಾಲಿತು.

"ತಮ್ಮ, ಮೇಲೆ ಬಾ."

ಇನ್ನೊಂದೆರಡು ಕಂಬಿ ಇಳಿಯಲಿ, ಏನಾಗುತ್ತೆ ನೋಡೋಣ ಎಂದು ಸೂಪರ್‌ವೈಸರ್ ಹೇಳುತ್ತಿದ್ದ. ಅಷ್ಟರಲ್ಲಿ ಉದ್ದನ ಕೈ ಕಂಬಿಯಿಂದ ಜಾರಿತು. ಹಗ್ಗ ಕಂಬದ ಸುತ್ತ ಕಿರ್ರೆಂದು ಬಿಗಿಯಿತು. ಅವನ ಭಾರವೆಲ್ಲ ಅವಳ ಸುಲಿದ ಬೆರಳುಗಳ ಮೇಲೆ ಬಂತು. ಚರ್ಮ ಹಗ್ಗಕ್ಕೆ ಅಂಟಿ ಕಿತ್ತುಬಂದದ್ದು ಅವಳಿಗೆ ಗೊತ್ತಾಯಿತು. ಬಿಡಲಿಲ್ಲ. ಕಾಲನ್ನು ಕಂಬಕ್ಕೆ ಕೊಟ್ಟು ಜಗ್ಗಿದಳು. ಹಗ್ಗ ಒಂದು ಗೇಣು ಬಂತು, ನಿಂತಿತು. ಆಗ ಅವಳ ಕೈಗಳ ಹಿಂದೆ ಇನ್ನೆರಡು ಕೈ ಬಿದ್ದವು. ಲೈಟಿನಣ್ಣ. ಹಲ್ಲು ಕಚ್ಚಿ ಅಳುತ್ತ ಜಗ್ಗುತ್ತಿದ್ದ.

ಉದ್ದನನ್ನು ಹೊಸ ಹಾಸುಗಲ್ಲಿನ ಮೇಲೆ ಎಳೆದು ಹಾಕಿದರು. ತುಟಿ ನೀಲಿ. ಕಣ್ಣು ಬೊಂಬೆಯ ಕಣ್ಣು. ಅಕ್ಕ ಅವನ ಎದೆಗೆ ಗುದ್ದಿದಳು, ಬೈದಳು, ಮತ್ತೆ ಗುದ್ದಿದಳು. ಕೊನೆಗೆ ಅವನ ಗಂಟಲಿನಿಂದ ಒಂದು ಸದ್ದು ಬಂತು. ಕಲ್ಲಿನ ತುಂಬ ವಾಂತಿ ಮಾಡಿದ. ದೇವರು ಗಾಳಿಯನ್ನು ಅಳೆದು ಕೊಟ್ಟವನಲ್ಲ. ಅಳೆದು ಕೊಟ್ಟವರು ಬೇರೆ. ಉದ್ದನಿಗೆ ಅವನ ಪಾಲಿನದು ವಾಪಸು ಬಂತು.

ಕೆಳಗೆ ದೀಪ ಇನ್ನೂ ಉರಿಯುತ್ತಿತ್ತು.

ಅಕ್ಕ ತೆಳು ಹಗ್ಗ ಎಳೆದು ಲಾಟೀನು ಮೇಲೆ ತಂದಳು. ಗಾಜಿಗೆ ಅಂಗೈ ಒತ್ತಿದಳು. ತಣ್ಣಗಿತ್ತು. ಗಾಜು ಎತ್ತಿದಳು. ಬತ್ತಿ ಇಲ್ಲ. ಬತ್ತಿ ಕೂರುವ ಬರ್ನರೂ ಇಲ್ಲ. ಅದರ ಜಾಗದಲ್ಲಿ ಒಂದು ಸಣ್ಣ ಬಲ್ಬು, ಬೆಂಕಿಯ ನಾಲಿಗೆಯಂತೆ ಮಾಡಿದ್ದು. ಎಣ್ಣೆಯ ಡಬ್ಬಿಯಲ್ಲಿ ಬ್ಯಾಟರಿ.

ಸೂಪರ್‌ವೈಸರ್ ಕರವಸ್ತ್ರ ಮಡಚಿ ಜೇಬಿಗೆ ಹಾಕಿಕೊಂಡ.

"ದೀಪ ಬೇಕು ಅಂದ್ರಿ. ದೀಪ ಕೊಟ್ಟೆ," ಅಂದ.

ಅವಳು ಅವನನ್ನು ನೋಡಿದಳು. ಬೈಗುಳ ಎಷ್ಟೋ ಬಾಯಿಗೆ ಬಂದವು. ಯಾವುದೂ ಇವನಿಗೆ ಸಾಲದು ಅನ್ನಿಸಿತು. ತಮ್ಮನ ಸೊಂಟದ ಗಂಟು ಬಿಚ್ಚಿದಳು. ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡಳು, ಅವ್ವನ ಹಾಗೆಯೇ. ಆದರೆ ಕೆಳಗಿಡಲಿಲ್ಲ.

"ಈ ಗುಂಡಿಗೆ ನಮ್ಮೋರು ಯಾರೂ ಇಳಿಯೋದಿಲ್ಲ. ಇವತ್ತೂ ಇಲ್ಲ, ನಾಳೇನೂ ಇಲ್ಲ. ನಿನ್ನ ಕಲ್ಲು ಒಡೀಲಿ."

ಊರಲ್ಲಿ ನೀವೊಬ್ಬರೇ ಇರುವುದಾ, ಬೇರೆ ಊರಿಂದ ಕರೆಸುತ್ತೇನೆ, ಹಸಿದವರು ಎಲ್ಲ ಕಡೆ ಸಿಗುತ್ತಾರೆ ಅಂದ ಅವನು. ಜೋರಾಗಿ ಅಲ್ಲ. ಪೇಟೆಯಲ್ಲಿ ಸಾಮಾನು ಸಿಗುತ್ತದೆ ಅನ್ನುವ ಹಾಗೆ.

ಅವಳು ಲಾಟೀನು ಹಿಡಿದು ಕಟ್ಟಡ ಸುತ್ತಿಕೊಂಡು ಮುಂದಿನ ಬಾಗಿಲಿಗೆ ಬಂದಳು. ಆ ಬಾಗಿಲಿನಿಂದ ಅವಳು ಹಿಂದೆಂದೂ ಒಳಗೆ ಹೋಗಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಪೊರಕೆ ಹಿಡಿದವರಿಗೆ ಹಿಂದಿನ ಬಾಗಿಲು ಹತ್ತಿರ ಅನ್ನುತ್ತಿದ್ದರು, ಅಷ್ಟೇ. ಕೆಸರಿನ ಕಾಲು ಬಿಳಿ ನೆಲದ ಮೇಲೆ ಊರುತ್ತ ನೇರ ಮೇಡಮ್ಮನ ಕೋಣೆಗೆ ಹೋದಳು. ಮೇಡಂ ನಾಳೆಯ ಭಾಷಣ ಓದಿಕೊಳ್ಳುತ್ತಿದ್ದರು.

ಹಗ್ಗದಕ್ಕ ಲಾಟೀನಿನಿಂದ ಬಲ್ಬನ್ನು ವೈರು, ಬ್ಯಾಟರಿ ಸಮೇತ ಕಿತ್ತಳು. ಮೇಜಿನ ಮೇಲೆ ಇಟ್ಟಳು. ರಕ್ತ ಹತ್ತಿದ ಅದು ಕಾಗದಗಳ ಮೇಲೆ ಬಿದ್ದುಕೊಂಡು ಮಿಣುಕುತ್ತಲೇ ಇತ್ತು.

"ಇದು ನಿಮ್ದು. ಇದು ಆರೋದಿಲ್ಲ," ಅಂದಳು. "ನಮ್ದು ಆರ್ತಿತ್ತು ಮೇಡಂ. ಅದರ ಬರ್ನರ್ ಎಲ್ಲಿ?"

ಮೇಡಂ ಎದ್ದು ನಿಂತರು. ಗಾಜಿನ ಪೆಟ್ಟಿಗೆಯಲ್ಲಿ ಎಣ್ಣೆ, ಬತ್ತಿ ಇಡುವ ಹಾಗಿಲ್ಲ, ಬೆಂಕಿಯ ಭಯ, ಅದಕ್ಕೇ ಹೀಗೆ ಮಾಡಿಸಿದ್ದು, ನೋಡಲಿಕ್ಕೆ ಮಾತ್ರ ಅಂತ ತಡವರಿಸಿದರು. ಏನಾಯಿತು ಎಂದು ಕೇಳಿದರು. ಹಗ್ಗದಕ್ಕ ಹೇಳಿದಳು. ಕೇಳುತ್ತ ಕೇಳುತ್ತ ಅವರ ಮುಖ ಸುಣ್ಣದ ಗೋಡೆಯಾಯಿತು. ಬರ್ನರು ಹಳೇ ಸಾಮಾನಿನ ಜೊತೆ ಎಸೆದಿರಬೇಕು ಎಂದರು. ಲಾರಿ ತರಿಸಿ ಎಂದು ಹಗ್ಗದಕ್ಕ ಕೇಳಿದಳು. ಮೇಡಂ ಕಿಟಕಿಯ ಹೊರಗಿನ ಅಂಗಳ ನೋಡಿದರು. ಮಾತಾಡ್ತೀನಿ, ಮೇಲೆ ಕೇಳಿ ನೋಡ್ತೀನಿ ಅಂದರು. ಅವರ ಕಣ್ಣಲ್ಲಿ ನೀರಿತ್ತು. ಆ ನೀರಿನಿಂದ ಯಾವ ಗುಂಡಿಯೂ ಶುಚಿಯಾಗುವುದಿಲ್ಲ.

ಅವಳು ಹಿಂದಿನ ಕೋಣೆಗೆ ಹೋಗಿ ಬೊಂಬೆಯ ಸೊಂಟದ ಹಗ್ಗವನ್ನೂ ಬಿಚ್ಚಿದಳು. ಅಲ್ಲೇ ಅದರ ಕಾಲ ಬಳಿ ಹಾಕಿದಳು. ಟೊಳ್ಳು ಲಾಟೀನು ಎತ್ತಿಕೊಂಡು, ಹಿತ್ತಿಲಲ್ಲಿದ್ದ ತಮ್ಮನನ್ನು ಎಬ್ಬಿಸಿ ಹೆಗಲಿಗೆ ಒರಗಿಸಿಕೊಂಡು, ಮುಂದಿನ ಬಾಗಿಲಿನಿಂದಲೇ ಇಳಿದಳು.

ಸಂಜೆ ಕೇರಿಯವರೆಲ್ಲ ಅವರ ಮನೆಯ ಮುಂದೆ ಸೇರಿದರು. ಮೋಡ ಇನ್ನೂ ಹಾಗೇ ಕೂತಿತ್ತು. ಬೇರೆ ಊರಿನ ಇಬ್ಬರನ್ನು ಬೆಳಗಾಗುವಷ್ಟರಲ್ಲಿ ಕರೆತರಲು ಜೀಪು ಹೋಗಿದೆ ಎಂಬ ಸುದ್ದಿ ಬಂದಿತ್ತು. ಅವರಿಗೆ ಈ ಗುಂಡಿ ಗೊತ್ತಿಲ್ಲ. ಅವರ ಹಗ್ಗ ಹಿಡಿಯುವ ಹೆಂಗಸರು ಎಲ್ಲೋ ದೂರದಲ್ಲಿ ಅಡುಗೆ ಮಾಡುತ್ತಿದ್ದಾರು. ಬರಲಿ ಬಿಡು, ನಮಗೇನು ಎಂದು ಯಾರೋ ಅಂದರು.

ಆಗ ಹೊಸ್ತಿಲ ಮೇಲಿದ್ದ ಅವ್ವ ಬಾಯಿ ತೆರೆದಳು.

"ನಾನು ಅವತ್ತು ಹಗ್ಗ ಕೆಳಗಿಟ್ಟು ಹೋದೆ. ನಾಳೆ ಇಡೋದಿಲ್ಲ. ಬೆಳಕು ಹರಿಯೋ ಮೊದಲು ಗುಂಡಿ ಮುಚ್ಚಳದ ಮೇಲೆ ಹೋಗಿ ಕೂರ್ತೀನಿ. ಯಾರ ಮಗನೇ ಬರಲಿ, ಮೊದಲು ದೀಪ ಇಳೀಬೇಕು."

ಅವ್ವ ಅಷ್ಟು ಮಾತಾಡಿ ವರ್ಷಗಳಾಗಿದ್ದವು. ಹೆಂಗಸರು ಒಬ್ಬೊಬ್ಬರಾಗಿ ತಾವೂ ಬರುತ್ತೇವೆ ಅಂದರು. ಅವರವರ ಮನೆಯ ಹಗ್ಗ ತರುತ್ತೇವೆ ಅಂದರು. ಒಳಗೆ ಮಲಗಿದ್ದ ಉದ್ದ ಕೆಮ್ಮುತ್ತ, ದೀಪ ಎಲ್ಲಿದೆ ಅವ್ವ, ಬರೀ ತಗಡು ಇದೆ ಎಂದ. ನಿಜ. ಲಾಟೀನು ಮತ್ತೆ ಮೊಳೆಗೆ ಬಂದಿತ್ತು, ಬಾಯಿ ಇಲ್ಲದ ಹಾಗೆ.

ಜನ ಚದುರಿ ಕತ್ತಲು ಕವಿಯುವ ಹೊತ್ತಿಗೆ ಲೈಟಿನಣ್ಣ ಬಂದ. ಬೀದಿಯಲ್ಲೇ ನಿಂತ. ಹಗ್ಗದಕ್ಕ ಬಟ್ಟೆ ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವನನ್ನು ನೋಡಿದಳು. ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ.

"ಹಚ್ಚಿದ್ದು ನಾನೇ," ಅಂದ ಅವನು ಅವ್ವನ ಕಡೆ ತಿರುಗಿ. "ಯಾತಕ್ಕೆ ಅಂತ ಗೊತ್ತಿತ್ತು. ಬಾಯಿ ಬರಲಿಲ್ಲ."

ಪರವಾಗಿಲ್ಲ ಎನ್ನುವ ಮಾತು ಅವ್ವನ ಹತ್ತಿರ ಇರಲಿಲ್ಲ.

ಅವನು ಸಾಮಾನಿನ ಚೀಲದ ತಳಕ್ಕೆ ಕೈ ಹಾಕಿದ. ಅವ್ವನದೇ ಹಳೇ ಸೀರೆಯ ತುಂಡು ಹೊರಗೆ ಬಂತು. ಬಿಚ್ಚಿದ. ಒಳಗೆ ಹಿತ್ತಾಳೆಯ ಬರ್ನರು, ತುದಿ ಕರಕಲಾದ ಬತ್ತಿಯ ಸಮೇತ. ಎಸೆಯಲು ಹೇಳಿದ್ದರು, ಎಸೆಯಲು ಮನಸ್ಸಾಗಲಿಲ್ಲ ಎಂದು ಮೆಲ್ಲಗೆ ಹೇಳಿದ.

ಅವ್ವ ಕೈ ಚಾಚಿದಳು. ಅವನು ಬಗ್ಗಿ ಅದನ್ನು ಅವಳ ಅಂಗೈಯಲ್ಲಿ ಇಟ್ಟ.